ಜೀತ: ಸಂಬಳ ಕೊಟ್ಟ ಮಾತ್ರಕ್ಕೆ ತಪ್ಪುವುದಿಲ್ಲ

ಉಡುಪು ಕಂಪನಿಯೊಂದರ ವಾರ್ಷಿಕ ವರದಿಯ ಕನ್ನಡ ಅನುವಾದದಲ್ಲಿ, ಪೂರೈಕೆದಾರರೆಲ್ಲ ತಿಂಗಳು ತಿಂಗಳು ಸಂಬಳ ಕೊಡುವುದರಿಂದ ಅಲ್ಲಿ ಜೀತವಿಲ್ಲ ಎಂಬ ವಾದ ಮತ್ತೊಮ್ಮೆ ಕಣ್ಣಿಗೆ ಬಿತ್ತು. ರಾತ್ರಿ ಒಂಬತ್ತರವರೆಗೆ ಕಚೇರಿಯಲ್ಲಿ ಕೂರುವವರು ‘ನಮ್ಮದೂ ಜೀತವೇ’ ಎಂದು ಗೊಣಗುವುದನ್ನು ಹೇಗೋ ಸಹಿಸಿಕೊಳ್ಳಬಹುದು. ರಾಜೀನಾಮೆ ಕೊಡಬಲ್ಲವರ ಬಾಯಲ್ಲಿ ಅದು ಬರಿಯ ಉತ್ಪ್ರೇಕ್ಷೆ. ವರದಿಯ ತಪ್ಪು ಹಾಗಲ್ಲ, ಅದು ನಿಜವಾದ ಜೀತವನ್ನೇ ಮರೆಮಾಡುತ್ತದೆ.

ತಮಾಷೆಯೆಂದರೆ, ‘ಜೀತ’ದ ಮೂಲ ಅರ್ಥವೇ ಸಂಬಳ. ಸಂಸ್ಕೃತದ ‘ಜೀವಿತ’ದ ತದ್ಭವವಾದ ಈ ಪದಕ್ಕೆ ಹಳಗನ್ನಡದಲ್ಲಿ ವೇತನ, ಜೀವನೋಪಾಯ ಎಂಬ ಅರ್ಥಗಳಿದ್ದವು, ತೆಲುಗಿನವರು ಇಂದಿಗೂ ಬ್ಯಾಂಕಿಗೆ ಬೀಳುವ ಸಂಬಳವನ್ನು ಯಾವ ಮುಜುಗರವೂ ಇಲ್ಲದೆ ‘ಜೀತಂ’ ಎನ್ನುತ್ತಾರೆ. ಕನ್ನಡದಲ್ಲಿ ಮಾತ್ರ ಅದು ಒಡೆಯನ ಸಾಲಕ್ಕೆ ಕಟ್ಟುಬಿದ್ದ ಆಳಿನ ದುಡಿಮೆಗೆ ಅಂಟಿಕೊಂಡಿತು. ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ಸಾಗಿದ್ದು ‘ಬಿಟ್ಟಿ’. ‘ವಿಷ್ಟಿ’ ಎಂದರೆ ಒತ್ತಾಯದ ದುಡಿಮೆ. ಅದರ ತದ್ಭವವಾದ ಬಿಟ್ಟಿ ಈಗ ‘ಬಿಟ್ಟಿ ಊಟ’ ಎನ್ನುವಲ್ಲಿಗೆ ಬಂದು ನಿಂತಿದೆ. ಜೀತವನ್ನೂ ಬಿಟ್ಟಿಯನ್ನೂ ಒಂದೇ ಎಂದುಕೊಂಡವರು, ಕೂಲಿ ಕೈಗೆ ಬಂದರೆ ಜೀತ ಮುಗಿಯಿತು ಎಂದು ತೀರ್ಮಾನಿಸುವುದು ಸಹಜವೇ.

ಕಾನೂನು ಹಾಗೆ ತೀರ್ಮಾನಿಸಿಲ್ಲ. 1976ರ ಜೀತಪದ್ಧತಿ ನಿರ್ಮೂಲನಾ ಕಾಯ್ದೆಯ ಪ್ರಕಾರ, ಮುಂಗಡದ ಕಾರಣಕ್ಕೆ ಹೆಸರಿಗಷ್ಟೇ ಕೂಲಿ ಪಡೆದು ದುಡಿಯುವುದೂ, ಬೇರೆ ಕಡೆ ಕೆಲಸಕ್ಕೆ ಹೋಗುವ ಇಲ್ಲವೇ ಓಡಾಡುವ ಸ್ವಾತಂತ್ರ್ಯ ಕಳೆದುಕೊಳ್ಳುವುದೂ ಜೀತವೇ. 1982ರಲ್ಲಿ ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದಿತು. ಹಸಿವು ಕೂಡ ಬಲವಂತವೇ ಎಂಬುದು ಅದರ ತರ್ಕ.

ತಮಿಳುನಾಡಿನ ನೂಲಿನ ಗಿರಣಿಗಳಲ್ಲಿ ಕುಖ್ಯಾತವಾದ ‘ಸುಮಂಗಲಿ’ ಯೋಜನೆಯನ್ನೇ ನೋಡಿ. ಮದುವೆಯ ಖರ್ಚಿಗೆ ಮೂರು ವರ್ಷದ ಕೊನೆಯಲ್ಲಿ ಇಡುಗಂಟು ಕೊಡುವುದಾಗಿ ಹೇಳಿ, ಹಳ್ಳಿಯ ಹುಡುಗಿಯರನ್ನು ಗಿರಣಿಯ ಹಾಸ್ಟೆಲಿನಲ್ಲಿ ಇರಿಸಿಕೊಳ್ಳುತ್ತಿದ್ದರು. ಸಣ್ಣ ಸಂಬಳವೂ ಇತ್ತು, ಆದ್ದರಿಂದ ಪಟ್ಟಿಯಲ್ಲಿ ಹೆಸರೂ ಸಹಿಯೂ ಇರುತ್ತಿದ್ದವು. ಆದರೆ ಎರಡೂವರೆ ವರ್ಷಕ್ಕೆ ಕಾಯಿಲೆ ಬಿದ್ದು ಊರಿಗೆ ಹೊರಟವಳಿಗೆ ಆ ಗಂಟು ಸಿಗುವ ಖಾತ್ರಿ ಇರಲಿಲ್ಲ. ತಡೆದಿಟ್ಟ ಆ ಹಣವೇ ಅವಳ ಕಾಲಿನ ಕೊಂಡಿ.

ಹಾಗಾಗಿ ಕಂಪನಿಯ ತಪಾಸಣೆಗಾರರು ಹಾಜರಿ ಪುಸ್ತಕ ತಿರುವಿ, ಕಾರ್ಮಿಕರನ್ನು ಮ್ಯಾನೇಜರನ ಎದುರೇ ಮಾತಾಡಿಸಿ ಬರುವುದರಿಂದ ಏನೂ ತಿಳಿಯುವುದಿಲ್ಲ. ತಪಾಸಣೆಗಾರರು ಹೊಲಿಗೆ ಕಾರ್ಖಾನೆಯಲ್ಲೇ ನಿಲ್ಲದೆ, ಅದಕ್ಕೆ ಬಟ್ಟೆ ಕೊಟ್ಟ ಮಗ್ಗ, ನೂಲು ಕೊಟ್ಟ ಗಿರಣಿಯವರೆಗೆ ಹೋಗಬೇಕು. ದಲ್ಲಾಳಿಯ ಕಮಿಷನ್ ತೆತ್ತವರು ಯಾರು, ಮುಂಗಡದ ಲೆಕ್ಕ ಯಾರ ಪುಸ್ತಕದಲ್ಲಿದೆ, ಎಟಿಎಂ ಕಾರ್ಡು ಯಾರ ಜೇಬಿನಲ್ಲಿದೆ ಎಂದು ಗಿರಣಿಯ ಆವರಣದ ಹೊರಗೆ ಕೇಳಬೇಕು. ತಾವೇ ಬೆಲೆಯನ್ನು ಹಿಂಡಿ, ಗಡುವನ್ನು ಕುಗ್ಗಿಸಿ, ಆಮೇಲೆ ಪೂರೈಕೆದಾರರಿಂದ ನೀತಿ ಸಂಹಿತೆಗೆ ಸಹಿ ಹಾಕಿಸಿಕೊಳ್ಳುವವರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ.

ಜೀತ ಪತ್ತೆಯಾದ ಕೂಡಲೇ ಗುತ್ತಿಗೆ ರದ್ದುಪಡಿಸಿ ಕೈತೊಳೆದುಕೊಳ್ಳುವುದು ಪರಿಹಾರವಲ್ಲ, ಏಕೆಂದರೆ ಆಗ ಸಾಲ ಉಳಿದು ಕೆಲಸವಷ್ಟೇ ಹೋಗುತ್ತದೆ. 1976ರ ಕಾಯ್ದೆಯಡಿ ಜೀತದ ಸಾಲ ತೀರಿಸಬೇಕಾದ್ದೇ ಇಲ್ಲ, ಆದರೂ ಒಡೆಯ ಅದನ್ನು ಕೇಳುವುದು ನಿಲ್ಲಿಸುವುದಿಲ್ಲ; ಹಾಗಾಗಿ ಕಂಪನಿ ಮೊದಲು ಮಾಡಬೇಕಾದದ್ದು ಜಿಲ್ಲಾಡಳಿತಕ್ಕೆ ತಿಳಿಸಿ ಆ ಕಾರ್ಮಿಕರಿಗೆ ಬಿಡುಗಡೆ ಪತ್ರ, ಅಂದರೆ ಜೀತದಿಂದ ಮುಕ್ತರಾದರೆಂಬ ಅಧಿಕೃತ ಪತ್ರ ಕೊಡಿಸುವ ಕೆಲಸ.