ಬಾನೆಟ್ ಒಳಗಿನ ಹಾಸು ಜೋತು ಬಿದ್ದಿದೆ, ಅಂಟು ಹಾಕಿದರೆ ನಿಲ್ಲುತ್ತದಾ?

ಪ್ರಶ್ನೆ: ಸಾರ್, ನಮ್ಮದು 2009ರ ಡೀಸೆಲ್ ಕಾರು. ಮಂಡ್ಯದ ಹತ್ತಿರ ಊರು. ಬಾನೆಟ್ ಎತ್ತಿದರೆ ಒಳಗಡೆಯ ಕಪ್ಪು ಹಾಸು ಮಧ್ಯದಲ್ಲಿ ಜೋಲಿಯ ಹಾಗೆ ಇಳಿಬಿದ್ದಿದೆ. ಅಂಟು ಹಾಕಿ ನೋಡಿದೆ, ಎರಡು ವಾರಕ್ಕೆ ಮತ್ತೆ ಬಿತ್ತು. ಹೊಸದಕ್ಕೆ ಸಾವಿರಾರು ರೂಪಾಯಿ ಹೇಳುತ್ತಾರೆ. ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಸರಿ ಮಾಡಬಹುದಾ?

ಮಾಡಬಹುದು. ಆದರೆ ಅಂಟಿನಿಂದ ಅಲ್ಲ.

ನಿಮ್ಮದು ಎರಡು ವಾರ ನಿಂತಿತಲ್ಲ, ನನ್ನದು ಒಂದು ದಿನವೂ ನಿಲ್ಲಲಿಲ್ಲ. ಬಡಗಿಗಳು ಸನ್‌ಮೈಕಾ ಅಂಟಿಸುವ ಹಳದಿ ಅಂಟು ತಂದು, ಭಾನುವಾರ ಬೆಳಿಗ್ಗೆ ಪೂರ್ತಿ ಅದರಲ್ಲೇ ಕಳೆದು, ಸಂಜೆ ಮನೆಯವರನ್ನೆಲ್ಲ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋದೆ. ದರ್ಶನ ಮುಗಿಸಿ ಬಂದು ಸುಮ್ನೆ ಬಾನೆಟ್ ಎತ್ತಿ ನೋಡಿದರೆ ಒಂದು ಮೂಲೆ ಆಗಲೇ ಕಿತ್ತು ಬಂದಿತ್ತು. ಬೆಟ್ಟ ಹತ್ತುವಾಗ ಬಿಸಿಯಾಗುತ್ತದೆ ಸರಿ, ಆದರೆ ಇಂಜಿನ್ ಆಫ್ ಮಾಡಿದ ಮೇಲೆ ಬಾನೆಟ್ ಕೆಳಗೆ ಬಿಸಿ ಇನ್ನೂ ಸ್ವಲ್ಪ ಏರುತ್ತದೆ. ಓಡುವಾಗ ಬರುತ್ತಿದ್ದ ಗಾಳಿ ನಿಂತಿರುತ್ತದೆ, ಕಾದ ಕಬ್ಬಿಣದ ಶಾಖಕ್ಕೆ ಮೇಲೆ ಹೋಗುವುದೊಂದೇ ದಾರಿ. ಆ ಕಾವಿಗೆ ಈ ಜಾತಿಯ ಅಂಟು ಮೆತ್ತಗಾಗುತ್ತದೆ. ಸಾಲದ್ದಕ್ಕೆ ಹಳೇ ಹಾಸಿನ ಹಿಂಬದಿಯಲ್ಲಿ ಧೂಳು, ಎಣ್ಣೆ, ಸಡಿಲವಾದ ನಾರು. ಅಂಟು ಹಿಡಿಯುವುದು ಆ ಮೇಲಿನ ಪದರವನ್ನು ಮಾತ್ರ, ಭಾರ ಬಿದ್ದಾಗ ಆ ಪದರವೇ ಸುಲಿದು ಬರುತ್ತದೆ.

ಕಂಪನಿಯವರು ಕೂಡ ಸಾಮಾನ್ಯವಾಗಿ ಇದನ್ನು ಅಂಟಿನ ಮೇಲೆ ನಿಲ್ಲಿಸಿರುವುದಿಲ್ಲ. ಹತ್ತಾರು ಪ್ಲಾಸ್ಟಿಕ್ ಕ್ಲಿಪ್ ಹಾಕಿರುತ್ತಾರೆ. ಅಗಲ ತಲೆ, ಕೆಳಗೆ ಈಚಲು ಮರದ ಕಾಂಡದ ಹಾಗೆ ಹಲ್ಲು ಹಲ್ಲಾದ ಕಡ್ಡಿ. ವರ್ಷಗಟ್ಟಲೆ ಬಿಸಿ ಕುಡಿದ ಪ್ಲಾಸ್ಟಿಕ್ ಹಪ್ಪಳದ ಹಾಗಾಗುತ್ತದೆ, ಒಂದು ಮುರಿದರೆ ಅದರ ಭಾರ ಪಕ್ಕದ್ದರ ಮೇಲೆ, ಆಮೇಲೆ ಹಾಸಿನಲ್ಲಿರುವ ತೂತೇ ಹರಿದು ದೊಡ್ಡದಾಗುತ್ತದೆ. ಸರ್ವಿಸ್ ಸ್ಟೇಷನ್‌ನಲ್ಲಿ ಬಾನೆಟ್ ಎತ್ತಿ ಪ್ರೆಷರ್ ನೀರು ಬಿಟ್ಟರಂತೂ ಒಂದೇ ದಿನಕ್ಕೆ ಆ ಕೆಲಸ ಮುಗಿಯುತ್ತದೆ.

ಮೊದಲು ಹಾಸು ಉಳಿಸುವ ಹಾಗಿದೆಯಾ ನೋಡಿ. ಇಂಜಿನ್ ಪೂರ್ತಿ ತಣ್ಣಗಿರಲಿ. ಬೆರಳಲ್ಲಿ ಹಿಸುಕಿದರೆ ಪುಡಿ ಉದುರುತ್ತದೆಯಾ, ಡೀಸೆಲ್ಲೋ ಆಯಿಲ್ಲೋ ಕುಡಿದು ಜಿಡ್ಡಾಗಿದೆಯಾ? ಹಾಗಿದ್ದರೆ ಬಿಟ್ಟುಬಿಡಿ, ಅದು ಎಸೆಯುವ ಮಾಲು. ಕಬ್ಬಿನ ಗದ್ದೆ ಪಕ್ಕ ಗಾಡಿ ನಿಲ್ಲಿಸುವವರು ಇನ್ನೊಂದು ನೋಡಬೇಕು, ಇಲಿ. ಕಬ್ಬು ಕಡಿದ ಮೇಲೆ ಅವಕ್ಕೆ ಬೆಚ್ಚಗಿನ ಜಾಗ ಬೇಕು, ಈ ಹಾಸನ್ನು ಕಿತ್ತು ಇಂಜಿನ್ ಸಂದಿಯಲ್ಲಿ ಗೂಡು ಮಾಡುತ್ತವೆ. ಗೂಡು ಸಿಕ್ಕರೆ ಮೊದಲು ಅದನ್ನು ತೆಗೆಯಿರಿ, ವೈರ್ ಕಡಿದಿವೆಯಾ ನೋಡಿ, ಹಾಸಿನ ಮಾತು ಆಮೇಲೆ.

ಗಟ್ಟಿಯಾಗಿದ್ದರೆ ಕೆಲಸ ಸುಲಭ. ತುಂಬು ತೋಳಿನ ಅಂಗಿ, ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ. ಎಷ್ಟೋ ಹಾಸುಗಳಲ್ಲಿ ಗಾಜಿನ ನಾರು ಇರುತ್ತದೆ, ಮೈಗೆ ತಾಗಿದರೆ ರಾತ್ರಿಯೆಲ್ಲ ಕೆರೆದುಕೊಳ್ಳಬೇಕು. ಉಳಿದ ಕ್ಲಿಪ್‌ಗಳನ್ನು ಚಪ್ಪಟೆ ಸ್ಕ್ರೂಡ್ರೈವರ್‌ನಲ್ಲಿ ಮೆಲ್ಲಗೆ ಮೀಟಿ. ವೈಪರ್‌ಗೆ ನೀರು ಹೋಗುವ ಸಣ್ಣ ಪೈಪ್ ಹಾಸಿನ ಹಿಂದೆಯೇ ಹಾದಿರಬಹುದು, ಜೋರಾಗಿ ಎಳೆಯಬೇಡಿ. ಒಂದು ಹಳೇ ಕ್ಲಿಪ್ಪನ್ನು ಜೇಬಿಗೆ ಹಾಕಿಕೊಂಡು ಸ್ಪೇರ್ಸ್ ಅಂಗಡಿಗೆ ಹೋಗಿ. ಬಾನೆಟ್ ಕ್ಲಿಪ್ ಅಂದರೆ ಕೊಡುತ್ತಾರೆ, ಆದರೆ ಬಾನೆಟ್ಟಿನ ತೂತಿನ ಅಳತೆಗೆ ಕೂರಬೇಕು, ಒಂದು ಮಿಲಿಮೀಟರ್ ಸಣ್ಣದಾದರೂ ನಿಲ್ಲುವುದಿಲ್ಲ. ಎರಡು ನಾಲ್ಕು ಜಾಸ್ತಿಯೇ ತನ್ನಿ.

ತೂತು ಹರಿದು ಅಗಲವಾಗಿರುವ ಕಡೆ ಹೊಸ ಕ್ಲಿಪ್ಪಿನ ತಲೆಯೂ ನುಸುಳಿ ಹೋಗುತ್ತದೆ, ಅಲ್ವಾ? ಅಲ್ಲಿಗೆ ಹಾರ್ಡ್‌ವೇರ್ ಅಂಗಡಿಯ ಅಗಲ ಲೋಹದ ವಾಷರ್. ಮೊದಲು ವಾಷರ್, ಆಮೇಲೆ ಹಾಸು, ಆಮೇಲೆ ಬಾನೆಟ್, ಈ ಕ್ರಮದಲ್ಲಿ ಕ್ಲಿಪ್ ಒತ್ತಿದರೆ ಭಾರ ಅಷ್ಟಗಲಕ್ಕೂ ಹಂಚಿಹೋಗುತ್ತದೆ. ಹರಿದ ಅಂಚಿಗೆ ಎಸಿ ಪೈಪಿಗೆ ಸುತ್ತುವ ಅಲ್ಯೂಮಿನಿಯಂ ಟೇಪ್ ಹಾಕಬಹುದು. ಬ್ಯಾಟರಿಯ ಮೇಲ್ಭಾಗದಲ್ಲಿ ಮಾತ್ರ ಬೇಡ. ಅದು ಲೋಹ, ಕಿತ್ತು ಟರ್ಮಿನಲ್ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ. ನನಗೆ ಕ್ಲಿಪ್, ವಾಷರ್, ಟೇಪ್ ಎಲ್ಲ ಸೇರಿ 300 ರೂಪಾಯಿ ದಾಟಲಿಲ್ಲ.

ಕ್ಲಿಪ್ ಸಿಗದಿದ್ದರೆ? ಕಟ್ಟಡದ ಕೆಲಸದವರು ಕಂಬಿ ಕಟ್ಟುವ ಬೈಂಡಿಂಗ್ ವೈರ್ ಇದೆಯಲ್ಲ, ಅದನ್ನು ಬಾನೆಟ್ ಒಳ ಚೌಕಟ್ಟಿನ ತೂತುಗಳಿಗೆ ಪೋಣಿಸಿ ಹಾಸಿನ ಕೆಳಗೆ ಅಡ್ಡಡ್ಡ ಬಿಗಿಯಬಹುದು. ನೋಡಲು ಚೆನ್ನಾಗಿರುವುದಿಲ್ಲ, ತುಕ್ಕು ಹಿಡಿಯುತ್ತದೆ, ಆದರೆ ಅಂಟಿಗಿಂತ ಎಷ್ಟೋ ವಾಸಿ. ತುದಿಗಳನ್ನು ಮಡಚಿ ಒಳಗೆ ತಳ್ಳಿ. ಸ್ಕ್ರೂ ಹೊಡೆಯಲು ಮಾತ್ರ ಹೋಗಬೇಡಿ. ಸ್ವಲ್ಪ ಉದ್ದವಾದರೂ ಹೊರಗಿನ ಪೇಂಟಿನ ಮೇಲೆ ಮೊಡವೆ ಏಳುತ್ತದೆ.

ಎಲ್ಲ ಆದ ಮೇಲೆ ಒಂದು ಪರೀಕ್ಷೆ. ಅಡುಗೆಮನೆಯಿಂದ ಚಪಾತಿ ಹಿಟ್ಟಿನ ನಾಲ್ಕು ಉಂಡೆ ತನ್ನಿ. (ರಾಗಿ ಮುದ್ದೆ ಬೇಡ, ಅಂಟುತ್ತದೆ, ಮನೆಯಲ್ಲಿ ಬೈಗುಳವೂ ಗ್ಯಾರಂಟಿ.) ತಣ್ಣಗಿರುವ ಇಂಜಿನ್ನಿನ ಎತ್ತರದ ಜಾಗಗಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಉಂಡೆ ಇಟ್ಟು, ಬಾನೆಟ್ ಪೂರ್ತಿ ಮುಚ್ಚಿ ತೆಗೆಯಿರಿ. ಉಂಡೆ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ಜಾಗ ಇರುವುದು. ಕಾಗದದಷ್ಟು ತೆಳ್ಳಗಾಗಿದ್ದರೆ ಹಾಸು ಅಲ್ಲಿ ಇನ್ನೂ ಜೋತಿದೆ ಅಂತ ಅರ್ಥ, ಅಲ್ಲೊಂದು ಕ್ಲಿಪ್ ಜಾಸ್ತಿ ಹಾಕಿ. ಉಂಡೆ, ಹಾಳೆ ಎರಡನ್ನೂ ಎಣಿಸಿ ವಾಪಸ್ ತೆಗೆಯಿರಿ, ಮರೆತರೆ ಇಲಿಗೆ ನೀವೇ ಊಟಕ್ಕೆ ಕರೆದ ಹಾಗೆ.

ಹಳೇ ಹಾಸು ಎಸೆಯಬೇಕಾಗಿ ಬಂದರೆ ಅದರ ಜಾಗಕ್ಕೆ ಸೋಫಾ ಸ್ಪಂಜು, ಥರ್ಮಾಕೋಲು, ಹಳೇ ಕಂಬಳಿ ತುರುಕುವವರಿದ್ದಾರೆ. ದಯವಿಟ್ಟು ಬೇಡ. ಎಗ್ಸಾಸ್ಟ್ ಪೈಪಿಗೋ ಟರ್ಬೋಗೋ ತಾಗಿದರೆ ಹೊತ್ತಿಕೊಳ್ಳುವ ವಸ್ತುಗಳು ಅವು. ಈ ಹಾಸು ಇರುವುದು ಮುಖ್ಯವಾಗಿ ಸದ್ದು ತಗ್ಗಿಸಲು, ಬಾನೆಟ್ ಪೇಂಟಿಗೆ ಶಾಖ ತಾಗದಿರಲು. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಎಷ್ಟೋ ಸಲ ಅದು ಕಂಪನಿಯಿಂದಲೇ ಬಂದಿರುವುದಿಲ್ಲ. ಡೀಸೆಲ್ ಆದ್ದರಿಂದ ನಿಮಗೆ ಕಟಕಟ ಸದ್ದು ಸ್ವಲ್ಪ ಜಾಸ್ತಿ ಕೇಳಬಹುದು, ಅಷ್ಟೇ. ಬೆಲ್ಟಿನ ಮೇಲೆ ಜೋತಾಡುವ ಹಾಸಿಗಿಂತ ಏನೂ ಇಲ್ಲದ ಬಾನೆಟ್ ಮೇಲು. ಗುಜರಿಯಲ್ಲಿ ಅದೇ ಮಾಡೆಲ್ಲಿನದು ಸಿಗುವವರೆಗೆ ಹಾಗೇ ಓಡಿಸಿ.