ತಲೆ ಒಣಗಿ ಹೊಟ್ಟಾಗಿದ್ದಲ್ಲ, ಎಣ್ಣೆ ಬಾಟಲಿ ಕೆಳಗಿಡಿ

ಪ್ರಶ್ನೆ: ಎರಡು ವರ್ಷದಿಂದ ತಲೆಯಲ್ಲಿ ಹೊಟ್ಟು, ತುರಿಕೆ. ಚರ್ಮದ ಡಾಕ್ಟರು ನೋಡಿ ‘ಸೆಬೊರಿಕ್ ಡರ್ಮಟೈಟಿಸ್’ ಎಂದು ಚೀಟಿಯಲ್ಲಿ ಬರೆದರು. ಅವರು ಕೊಟ್ಟ ಶ್ಯಾಂಪೂ ಹಾಕಿದಷ್ಟು ದಿನ ಕಡಿಮೆ, ಬಿಟ್ಟರೆ ಮತ್ತೆ ಶುರು. ವಾರಕ್ಕೆರಡು ಸಲ ರಾತ್ರಿ ಎಣ್ಣೆ ಹಚ್ಚಿ ಮಲಗುತ್ತೇನೆ, ಆದರೂ ತಲೆ ಒಣಗುತ್ತದೆ. ಇದರ ಮೂಲ ಕಾರಣ ಏನು ಡಾಕ್ಟ್ರೇ? ಬುಡಸಮೇತ ಹೋಗಲು ಏನು ಮಾಡಬೇಕು?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಕೇಳುವವರ ಊರು ಬೇರೆ, ವಯಸ್ಸು ಬೇರೆ. ಎಣ್ಣೆಯ ಮಾತು ಮಾತ್ರ ಪ್ರತಿ ಪತ್ರದಲ್ಲೂ ಇದ್ದೇ ಇರುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ, ಬಾರದೆ ಬಿಡುವವನಲ್ಲ.

ಮೂಲ ಕಾರಣ ಇದೇ ಎಂದು ಒಂದರ ಕಡೆ ಬೆರಳು ತೋರಿಸಲು ಆಗುವುದಿಲ್ಲ. ಮೂರು ಸಂಗತಿ ಕೂಡಬೇಕು. ಕೂದಲ ಬುಡದ ಗ್ರಂಥಿಗಳು ಒಸರಿಸುವ ಜಿಡ್ಡು ಒಂದು. ಆ ಜಿಡ್ಡನ್ನೇ ತಿಂದು ಬದುಕುವ ಮಲಸೇಜಿಯಾ ಎಂಬ ಯೀಸ್ಟ್ ಜಾತಿಯ ಫಂಗಸ್ ಇನ್ನೊಂದು. ಫಂಗಸ್ ತಿಂದುಳಿಸಿದ್ದನ್ನು ತಡೆದುಕೊಳ್ಳಲಾಗದೆ ಕೆರಳುವ ನಿಮ್ಮ ಚರ್ಮ ಮೂರನೆಯದು. ಮೊದಲಿನ ಎರಡು ನನ್ನ ತಲೆಯಲ್ಲೂ ಇವೆ, ನಿಮ್ಮ ಪಕ್ಕದ ಮನೆಯವರ ತಲೆಯಲ್ಲೂ ಇವೆ. ವ್ಯತ್ಯಾಸ ಇರುವುದು ಮೂರನೆಯದರಲ್ಲಿ. ಅದು ಬಹುಪಾಲು ಹುಟ್ಟಿನಿಂದ ಬಂದ ಸ್ವಭಾವ, ಅದನ್ನು ಬದಲಿಸುವ ಔಷಧಿ ಇಲ್ಲ. ಶ್ಯಾಂಪೂ ಬಿಟ್ಟ ಮೇಲೆ ಮತ್ತೆ ಶುರುವಾಗುವುದು ಇದಕ್ಕೇ. ಡಾಕ್ಟರ ತಪ್ಪಲ್ಲ, ಶ್ಯಾಂಪೂವಿನ ತಪ್ಪೂ ಅಲ್ಲ.

ಜಿಡ್ಡಿನ ಗ್ರಂಥಿಗಳನ್ನು ಕುಣಿಸುವುದು ಆಂಡ್ರೊಜೆನ್ ಎಂಬ, ಗಂಡಸರಲ್ಲಿ ಹೆಚ್ಚಿರುವ ಹಾರ್ಮೋನುಗಳು. ಹಾಗಾಗಿ ಎಂಟು ಹತ್ತು ವರ್ಷದ ಮಕ್ಕಳಲ್ಲಿ ಈ ತೊಂದರೆ ಅಪರೂಪ. ಹರೆಯ ಬಂದ ಮೇಲೆ ಕಾಣಿಸಿಕೊಳ್ಳುತ್ತದೆ, ಗಂಡಸರಲ್ಲಿ ಹೆಚ್ಚು. ಇನ್ನು ಫಂಗಸ್. ಹೊಟ್ಟಿನಲ್ಲಿ ಇದನ್ನು 1874ರಲ್ಲೇ ಕಂಡು ಬರೆದಿಟ್ಟವನು ಫ್ರಾನ್ಸಿನ ಲೂಯಿ ಚಾರ್ಲ್ಸ್ ಮಲಸೇ. ಅದೇ ಅಪರಾಧಿಯೋ, ಸುಮ್ಮನೆ ಅಲ್ಲಿ ನಿಂತ ಪ್ರೇಕ್ಷಕನೋ ಎಂಬ ವಾದ ನೂರು ವರ್ಷ ನಡೆಯಿತು. ಫಂಗಸ್ ಕೊಲ್ಲುವ ಔಷಧಿ ಕೊಟ್ಟರೆ ಹೊಟ್ಟು ತಗ್ಗುತ್ತದೆ, ಆದ್ದರಿಂದ ಫಂಗಸ್ಸೇ ಕಾರಣ ಎಂದು 1984ರಲ್ಲಿ ಬ್ರಿಟನ್ನಿನ ಚರ್ಮತಜ್ಞ ಸ್ಯಾಮ್ ಶುಸ್ಟರ್ ಬಲವಾಗಿ ವಾದಿಸಿದ ಮೇಲೆ ಗಲಾಟೆ ಬಹುಮಟ್ಟಿಗೆ ತಣ್ಣಗಾಯಿತು.

ಈಗ ಎಣ್ಣೆ.

‘ತಲೆ ಒಣಗಿದೆ, ಅದಕ್ಕೇ ಹೊಟ್ಟು ಏಳುತ್ತಿದೆ, ಚೆನ್ನಾಗಿ ಎಣ್ಣೆ ಕುಡಿಸು.’ ನಮ್ಮಲ್ಲಿ ಈ ಮಾತು ಕೇಳದೆ ಬೆಳೆದವರಿಲ್ಲ. ಅದು ನಿಜವಾಗಿದ್ದರೆ ಹೊಟ್ಟು ಮೊದಲು ಏಳಬೇಕಾದದ್ದು ಮೊಣಕಾಲ ಕೆಳಗೆ. ಚಳಿಗಾಲದಲ್ಲಿ ಉಗುರಲ್ಲಿ ಗೀರಿದರೆ ಬಿಳಿ ಗೆರೆ ಮೂಡುವಷ್ಟು ಒಣಗುವ ಜಾಗ ಅದು. ಸೆಬೊರಿಕ್ ಡರ್ಮಟೈಟಿಸ್ ಆ ಕಡೆ ತಲೆ ಹಾಕುವುದಿಲ್ಲ. ಅದು ಬರುವುದು ತಲೆ, ಹುಬ್ಬು, ಮೂಗಿನ ಅಂಚು, ಕಿವಿಯ ಹಿಂದೆ, ಗಂಡಸರಿಗೆ ಗಡ್ಡ ಮತ್ತು ಎದೆಯ ನಡುವೆ. ಮೈಯಲ್ಲಿ ಜಿಡ್ಡು ಹೆಚ್ಚಿರುವ ಜಾಗಗಳ ಪಟ್ಟಿ ಮಾಡಿ ಎಂದರೆ ನಾನು ಇವನ್ನೇ ಬರೆಯುತ್ತೇನೆ.

ಕ್ಲಿನಿಕ್ಕಿನಲ್ಲಿ ಹೀಗೆ ಬಂದವರ ತಲೆಯ ಬೈತಲೆ ಬಿಡಿಸಿ, ಬುಡದಿಂದ ಒಂದು ಚೂರು ಹೊಟ್ಟು ಎತ್ತಿ, ಚೀಟಿಯ ಹಾಳೆಯ ಮೇಲೆ ಇಟ್ಟು ಬೆರಳಲ್ಲಿ ಒತ್ತಿಸುತ್ತೇನೆ. ಪುಡಿಯಾಗುವುದಿಲ್ಲ, ಮೇಣದ ಹಾಗೆ ಅಂಟಿಕೊಳ್ಳುತ್ತದೆ. ಬಣ್ಣ ತುಸು ಹಳದಿ, ಕೆಳಗಿನ ಚರ್ಮ ಕೆಂಪು. ನಿಜವಾಗಿ ಒಣಗಿದ ತಲೆಯ ಸಿಪ್ಪೆ ಸಣ್ಣದು, ಬಿಳಿ, ಮುಟ್ಟಿದರೆ ಉದುರುತ್ತದೆ. ಅಂಥವರ ಕೈಕಾಲೂ ಒಣಗಿರುತ್ತವೆ.

ಇನ್ನೂ ನಂಬಿಕೆ ಬರದವರಿಗೆ ಲ್ಯಾಬಿನ ಸಂಗತಿ. ಮಲಸೇಜಿಯಾವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡಬೇಕಾದರೆ ಮಾಮೂಲಿ ಫಂಗಸ್ ಆಹಾರ ಸಾಲದು, ಮೇಲೆ ಆಲಿವ್ ಎಣ್ಣೆ ಸುರಿಯುವುದು ಹಳೆಯ ಪದ್ಧತಿ. ಇದರ ಜೀನೋಮ್, ಅಂದರೆ ಜೀನುಗಳ ಪೂರ್ತಿ ಗಂಟನ್ನು, 2007ರಲ್ಲಿ ಬಿಡಿಸಿ ನೋಡಿದಾಗ ಕಾರಣವೂ ಸಿಕ್ಕಿತು: ತನಗೆ ಬೇಕಾದ ಕೊಬ್ಬಿನಾಮ್ಲ ತಯಾರಿಸಿಕೊಳ್ಳುವ ಜೀನೇ ಅದಕ್ಕಿಲ್ಲ. ಹೊರಗಿನಿಂದ ಕೊಬ್ಬು ಸಿಗಲೇಬೇಕು. ಅದು ಜಿಡ್ಡನ್ನು ಕತ್ತರಿಸಿ ತನಗೆ ಬೇಕಾದದ್ದನ್ನು ತಿಂದು, ಒಲಿಯಿಕ್ ಆಮ್ಲದಂಥವನ್ನು ಚರ್ಮದ ಮೇಲೆ ಬಿಡುತ್ತದೆ. ಹೊಟ್ಟಿನ ಸ್ವಭಾವದವರ ತಲೆಗೆ ಬರೀ ಒಲಿಯಿಕ್ ಆಮ್ಲ ಹಚ್ಚಿ ನೋಡಿದ್ದಾರೆ, ಹೊಟ್ಟು ಎದ್ದಿದೆ. ಆ ಸ್ವಭಾವ ಇಲ್ಲದವರ ತಲೆಗೆ ಹಚ್ಚಿದರೆ ಏನೂ ಆಗಲಿಲ್ಲ. ಆಲಿವ್, ಬಾದಾಮಿ, ಕಡಲೆಕಾಯಿ ಎಣ್ಣೆಗಳಲ್ಲಿ ಇರುವ ಮುಖ್ಯ ಆಮ್ಲ ಇದೇ. ಇರುವೆ ಮುತ್ತಿದೆ ಎಂದು ಸಕ್ಕರೆ ಚೆಲ್ಲಿದ ಹಾಗಾಯಿತು ನಮ್ಮ ಉಪಚಾರ.

‘ಕೊಬ್ಬರಿ ಎಣ್ಣೆಯಲ್ಲಿ ಲಾರಿಕ್ ಆಮ್ಲ ಇದೆ ಸರ್, ಅದು ಫಂಗಸ್ ಕೊಲ್ಲುತ್ತದಂತೆ’ ಎಂದು ವಾಟ್ಸಾಪ್ ಓದಿ ಬರುವವರೂ ಇದ್ದಾರೆ. ಇದೆ, ಸುಮಾರು ಅರ್ಧದಷ್ಟು. ಆದರೆ ಎಣ್ಣೆಯೊಳಗೆ ಅದು ಬಿಡಿಯಾಗಿಲ್ಲ, ಕೊಬ್ಬಿನ ಕಣದಲ್ಲಿ ಕಟ್ಟಿಹಾಕಿಕೊಂಡಿದೆ. ಮಲಸೇಜಿಯಾ 11ರಿಂದ 24 ಇಂಗಾಲದ ಕೊಬ್ಬಿನಾಮ್ಲಗಳನ್ನು ಬಳಸಿಕೊಳ್ಳುತ್ತದೆ, ಲಾರಿಕ್ ಆಮ್ಲದಲ್ಲಿ 12 ಇವೆ, ಅಂದರೆ ಇದೂ ಅದಕ್ಕೆ ಊಟವೇ. ತಟ್ಟೆಯ ಮೇಲಿನ ಪ್ರಯೋಗವೇ ಬೇರೆ, ನಿಮ್ಮ ತಲೆದಿಂಬೇ ಬೇರೆ.

ಹಾಗಾದರೆ ಎಣ್ಣೆ ಹಚ್ಚಿದಾಗ ಹಾಯೆನಿಸುವುದು ಸುಳ್ಳೇ? ಸುಳ್ಳಲ್ಲ. ಎದ್ದ ಸಿಪ್ಪೆ ನೆನೆದು ಚರ್ಮಕ್ಕೆ ಅಂಟಿ ಮಲಗುತ್ತದೆ, ಕಪ್ಪು ಅಂಗಿಯ ಭುಜದ ಮೇಲೆ ಉದುರುವುದಿಲ್ಲ, ಬಿಗಿತ ಸಡಿಲುತ್ತದೆ. ಹೊಟ್ಟು ಕಾಣುವುದಿಲ್ಲ ಅಷ್ಟೆ, ಇದ್ದಲ್ಲೇ ಇದೆ. ಎರಡು ದಿನ ಬಿಟ್ಟು ತೊಳೆದಾಗ ಎಲ್ಲ ಒಟ್ಟಿಗೆ ಎದ್ದು ಬರುತ್ತದೆ, ‘ನೋಡಿ, ಎಣ್ಣೆ ಹೋದ ತಕ್ಷಣ ಒಣಗಿತು’ ಎಂದು ಮತ್ತೆ ಬಾಟಲಿಗೆ ಕೈ ಹಾಕುತ್ತೀರಿ.

ನಾನು ಎಣ್ಣೆಸ್ನಾನದ ವೈರಿಯಲ್ಲ. ನರಕ ಚತುರ್ದಶಿಯ ಎಣ್ಣೆಸ್ನಾನ ಬಿಡಬೇಕಿಲ್ಲ. ಹಿಂದಿನವರು ಹರಳೆಣ್ಣೆ ಹಚ್ಚಿ ಗಂಟೆ ಕಳೆಯುವುದರೊಳಗೆ ಹಂಡೆಯ ಬಿಸಿನೀರು, ಸೀಗೆಪುಡಿ ಹಾಕಿ, ಕಣ್ಣು ಉರಿದು ಮಕ್ಕಳು ಅಳುವಷ್ಟು ತಿಕ್ಕಿ ತೆಗೆಯುತ್ತಿದ್ದರು. ರಾತ್ರಿಯೆಲ್ಲ ತಲೆಯಲ್ಲಿ ಎಣ್ಣೆ ನೆನೆಯಲು ಬಿಟ್ಟು, ಮಾರನೇ ದಿನ ಅದರ ಮೇಲೇ ಜಡೆ ಹೆಣೆದು ಕಾಲೇಜಿಗೆ ಹೋಗುವುದು ಬೇರೆಯೇ ವಿಷಯ. ಕೂದಲು ಸೀಳುತ್ತದೆ, ಒರಟಾಗಿದೆ ಎನ್ನುವವರು ಕೊಬ್ಬರಿ ಎಣ್ಣೆಯನ್ನು ಕೂದಲ ಉದ್ದಕ್ಕೆ ಸವರಿಕೊಳ್ಳಲಿ, ಕೂದಲ ದಂಟಿಗೆ ಅದು ಒಳ್ಳೆಯದೇ. ಬುಡಕ್ಕೆ ಬೇಡ.

ಉಳಿದ ಕಾರಣಗಳು ಬೇಗ ಮುಗಿಯುತ್ತವೆ. ಚಳಿ, ನಿದ್ದೆಗೇಡು, ಪರೀಕ್ಷೆ ಅಥವಾ ಕೆಲಸದ ಒತ್ತಡ ಇದನ್ನು ಕೆರಳಿಸುತ್ತವೆ, ಹುಟ್ಟಿಸುವುದಿಲ್ಲ. ಪಾರ್ಕಿನ್ಸನ್ ಕಾಯಿಲೆಯವರಲ್ಲಿ, ಎಚ್‌ಐವಿ ಇರುವವರಲ್ಲಿ ಹೆಚ್ಚು. ಇದ್ದಕ್ಕಿದ್ದಂತೆ ಮುಖ, ಎದೆಯವರೆಗೆ ಜೋರಾಗಿ ಹಬ್ಬಿ, ಔಷಧಿಗೂ ಬಗ್ಗದಿದ್ದರೆ ರಕ್ತ ಪರೀಕ್ಷೆ ಬರೆಯುವುದು ಅದಕ್ಕೇ, ಗಾಬರಿ ಬೇಡ. ಕೊಳಕಿನಿಂದ ಬರುವುದಿಲ್ಲ. ಬೇರೆಯವರ ಬಾಚಣಿಗೆಯಿಂದ ಹತ್ತುವುದಿಲ್ಲ (ಹೇನು ಹತ್ತುತ್ತದೆ, ಅದು ಬೇರೆ ಮಾತು). ‘ಉಷ್ಣ’ಕ್ಕೂ ಇದಕ್ಕೂ ಸಂಬಂಧ ಕಟ್ಟಬೇಡಿ. ನಿಂಬೆರಸ ಉಜ್ಜಿಕೊಂಡು ತಲೆ ಉರಿ ಎಂದು ಬರುವವರಿಗೆ ನಾನು ಏನು ಹೇಳಲಿ?

ಬುಡಸಮೇತ ಹೋಗದಿದ್ದರೂ ಹತೋಟಿಯಲ್ಲಿ ಇಡುವುದು ಕಷ್ಟವಲ್ಲ. ಫಂಗಸ್ ಕೊಲ್ಲುವ 2% ಕೀಟೊಕೊನಜೋಲ್ ಶ್ಯಾಂಪೂ ವಾರಕ್ಕೆರಡು ಸಲ, ಎರಡರಿಂದ ನಾಲ್ಕು ವಾರ. ಆಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ, ನಿಲ್ಲಿಸದೆ. ಬಹಳ ಮಂದಿ ಎಡವುವುದು ಇಲ್ಲಿ: ನೊರೆ ಬಂದ ಕೂಡಲೇ ತೊಳೆದುಬಿಡುತ್ತಾರೆ. ಬೆರಳಿನಿಂದ ಬುಡಕ್ಕೆ ಹಚ್ಚಿ ಐದು ನಿಮಿಷ ಬಿಡಬೇಕು. ಅದೇ ತಲೆಗೆ ಮೊದಲು ಎಣ್ಣೆ ಮೆತ್ತಿದ್ದರೆ, ಶ್ಯಾಂಪೂ ಎಣ್ಣೆ ತೆಗೆಯುವುದರಲ್ಲೇ ಖರ್ಚಾಗುತ್ತದೆ. ಸ್ಟೀರಾಯ್ಡ್ ಲೋಶನ್ ಉರಿ ಇದ್ದಾಗ ಕೆಲವು ದಿನಕ್ಕೆ ಮಾತ್ರ, ಹಳೆಯ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಿಂದ ವರ್ಷಗಟ್ಟಲೆ ತಂದು ಹಚ್ಚುವ ವಸ್ತುವಲ್ಲ. ಬೆಳ್ಳಿಬಣ್ಣದ ದಪ್ಪ ಹಕ್ಕಳೆ ಹಣೆಯ ಅಂಚು ದಾಟಿ ಬಂದಿದ್ದರೆ, ಮೊಣಕೈಯಲ್ಲೂ ಇದ್ದರೆ ಅದು ಸೋರಿಯಾಸಿಸ್ ಇರಬಹುದು. ಶಾಲೆಗೆ ಹೋಗುವ ಮಕ್ಕಳಲ್ಲಿ ಕೂದಲು ತುಂಡಾಗಿ ಬೋಳು ಮಚ್ಚೆ ಬಿದ್ದಿದ್ದರೆ ಹುಳುಕಡ್ಡಿ, ಅದಕ್ಕೆ ಹೊಟ್ಟೆಗೆ ಮಾತ್ರೆ ಬೇಕು.

ನೀವು ಕೇಳಿಲ್ಲ, ಆದರೂ ಎಣ್ಣೆಯ ಮಾತು ಬಂದ ಮೇಲೆ ಬಾಣಂತಿ ಮನೆಯ ಪ್ರಸ್ತಾಪ ಬಾರದೆ ಇರದು. ತಿಂಗಳ ಕೂಸಿನ ತಲೆಯ ಮೇಲೆ ಹಳದಿ ಹಕ್ಕಳೆ ಕಟ್ಟುತ್ತದಲ್ಲ, ಅದೂ ಇದೇ ಕಾಯಿಲೆಯ ಎಳೆಯ ರೂಪ. ತಾಯಿಯಿಂದ ಬಂದ ಹಾರ್ಮೋನು ಕೂಸಿನ ಗ್ರಂಥಿಗಳನ್ನು ಸ್ವಲ್ಪ ದಿನ ಎಬ್ಬಿಸಿರುತ್ತದೆ. ಅದರ ಪ್ರಭಾವ ಇಳಿದಂತೆ ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ. ಕೂಸಿಗೆ ಸಾಮಾನ್ಯವಾಗಿ ತುರಿಕೆಯೂ ಇರುವುದಿಲ್ಲ, ತಳಮಳ ಎಲ್ಲ ದೊಡ್ಡವರದು. ಇಲ್ಲಿ ಎಣ್ಣೆ ಹಚ್ಚಬಹುದು, ಹಕ್ಕಳೆ ನೆನೆಸುವುದಕ್ಕೆ ಮಾತ್ರ: ಅರ್ಧ ಗಂಟೆ ಬಿಟ್ಟು, ಮೆತ್ತನೆಯ ಬ್ರಷ್ಷಿನಿಂದ ಸವರಿ, ಮಕ್ಕಳ ಶ್ಯಾಂಪೂವಿನಲ್ಲಿ ಪೂರ್ತಿ ತೊಳೆಯಿರಿ. ಉಗುರಿನಿಂದ ಕೀಳಬೇಡಿ. ನೀರು ಒಸರಿದರೆ, ಕತ್ತು ಕಂಕುಳಿಗೆ ಇಳಿದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ‘ನೆತ್ತಿಗೆ ಎಣ್ಣೆ ತಟ್ಟದಿದ್ದರೆ ನೆತ್ತಿ ಕೂಡುವುದಿಲ್ಲ’ ಎಂದು ಅಜ್ಜಿ ಹಟ ಹಿಡಿದರೆ, ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದೊಳಗೆ ಅದು ತಾನಾಗಿ ಕೂಡುತ್ತದೆ, ಎಣ್ಣೆಯ ಪಾತ್ರ ಏನೂ ಇಲ್ಲ ಎಂದು ಹೇಳಿ ನೋಡಿ. ಒಪ್ಪದಿದ್ದರೆ ಜಗಳ ಬೇಡ. ತಟ್ಟಲಿ, ಸ್ನಾನಕ್ಕೆ ಮೊದಲು ತಟ್ಟಲಿ.