ಬಡಿತ ಏರುಪೇರಾದರೆ ಒಳ್ಳೆಯದೇ: ಕವಾಟ ಕೆಟ್ಟ ನಾಯಿಗಳ ಬಗ್ಗೆ ಟಿಪ್ಪಣಿ

ಕೋಲಾರದ ಕಡೆ ಪಶು ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮಾಡುವವರಿಗೆ ದಿನವೆಲ್ಲ ಹಸುವೇ. ಕೆಚ್ಚಲು ಬಾವು, ಗರ್ಭ ಪರೀಕ್ಷೆ, ಹೊಟ್ಟೆ ಉಬ್ಬರ. ನಾಯಿಯ ಹೃದಯ ನೆನಪಾಗುವುದು ಪರೀಕ್ಷೆ ಹತ್ತಿರ ಬಂದಾಗ ಮಾತ್ರ. ಅದರಲ್ಲೂ ಹಾರ್ಟ್ ರೇಟ್ ವೇರಿಯಬಿಲಿಟಿ, ಅಂದರೆ ಬಡಿತಗಳ ನಡುವಿನ ಅಂತರ ಎಷ್ಟು ಬದಲಾಗುತ್ತದೆ ಅನ್ನುವ ಲೆಕ್ಕ, ಎಲ್ಲರಿಗೂ ಗೊಂದಲ.

ಮೊದಲು ಆರೋಗ್ಯವಾದ ನಾಯಿ. ಎದೆಗೆ ಸ್ಟೆತಸ್ಕೋಪ್ ಇಟ್ಟು, ಪಕ್ಕೆ ಏರಿಳಿಯುವುದನ್ನೂ ನೋಡಿ. ಉಸಿರು ಎಳೆದಾಗ ಬಡಿತ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಇದೇ ರೆಸ್ಪಿರೇಟರಿ ಸೈನಸ್ ಅರಿತ್ಮಿಯ. ನಾಯಿಯಲ್ಲಿ ಇದು ಮನುಷ್ಯರಿಗಿಂತ ಜಾಸ್ತಿ ಎದ್ದು ಕಾಣುತ್ತದೆ. ಇದು ರೋಗ ಅಲ್ಲ. ಬಡಿತ ನಿಧಾನ ಮಾಡುವ ವೇಗಸ್ ನರ ಹೃದಯವನ್ನು ಹಿಡಿತದಲ್ಲಿ ಇಟ್ಟುಕೊಂಡಿದೆ ಅನ್ನುವುದಕ್ಕೆ ಗುರುತು.

ಈಗ ಕವಾಟದ ರೋಗ. ವಯಸ್ಸಾದ ಸಣ್ಣ ತಳಿಗಳಲ್ಲಿ ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಅಂಚು ದಪ್ಪವಾಗಿ, ಗಂಟುಗಂಟಾಗಿ, ಸರಿಯಾಗಿ ಮುಚ್ಚುವುದಿಲ್ಲ. ರಕ್ತ ಎಡ ಹೃತ್ಕರ್ಣಕ್ಕೆ ವಾಪಸ್ ನುಗ್ಗುತ್ತದೆ. ಆಗ ಕೇಳುವ ಸದ್ದೇ ಮರ್ಮರ್. ಮುಂದಕ್ಕೆ ಹೋಗುವ ರಕ್ತ ಕಡಿಮೆಯಾದಾಗ ರಕ್ತನಾಳದಲ್ಲಿ ಒತ್ತಡ ಗಮನಿಸುವ ಬ್ಯಾರೋರಿಸೆಪ್ಟರ್‌ಗಳು ಅದನ್ನು ಗುರುತಿಸುತ್ತವೆ. ಬಡಿತ ಏರಿಸುವ ಸಿಂಪಥೆಟಿಕ್ ನರಗಳು ಜೋರಾಗುತ್ತವೆ, ವೇಗಸ್ ಹಿಂದೆ ಸರಿಯುತ್ತದೆ. ಬಡಿತ ವೇಗವಾಗುತ್ತದೆ, ಉಸಿರಿನ ಜೊತೆಗಿನ ಆ ಏರಿಳಿತ ಅಳಿಸಿಹೋಗುತ್ತದೆ. ಹೃದಯ ಸೋಲುವ ಹಂತಕ್ಕೆ ಬಂದ ನಾಯಿಯ ಬಡಿತ ಗಡಿಯಾರದ ಹಾಗೆ ಒಂದೇ ಸಮ. ಪರೀಕ್ಷೆಯಲ್ಲಿ ನಾವು ಎಡವುವುದು ಇಲ್ಲೇ: ಲಯ ಸರಿಯಾಗಿದೆ ಅಂದರೆ ಹೃದಯವೂ ಸರಿಯಾಗಿದೆ ಅಂತ ಬರೆದುಬಿಡುತ್ತೇವೆ.

ಲೆಕ್ಕ ನೋಡೋಣ. ಇಸಿಜಿ ಕಾಗದ ಸೆಕೆಂಡಿಗೆ 50 ಮಿ.ಮೀ. ಓಡಿದರೆ ಒಂದು ಮಿ.ಮೀ. ಅಂದರೆ 20 ಮಿಲಿಸೆಕೆಂಡ್. ಒಂದು ಆರ್ ಅಲೆಯಿಂದ (ಪ್ರತಿ ಬಡಿತದ ಎತ್ತರದ ಮೊನೆ) ಮುಂದಿನದಕ್ಕೆ ಅಳೆಯಿರಿ. ಆರೋಗ್ಯವಾದ ನಾಯಿಯಲ್ಲಿ 600, 900, 650, 950, 700 ಮಿಲಿಸೆಕೆಂಡ್ ಬಂತು ಅಂದುಕೊಳ್ಳಿ. ಪಕ್ಕಪಕ್ಕದ ವ್ಯತ್ಯಾಸ 300, 250, 300, 250. ಒಂದೊಂದನ್ನೂ ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಹಾಕಿದರೆ ಸುಮಾರು 276. ಇದೇ ಆರ್‌ಎಂಎಸ್‌ಎಸ್‌ಡಿ. ರೋಗಿ ನಾಯಿಯಲ್ಲಿ 400, 410, 400, 390, 400 ಇದ್ದರೆ ಉತ್ತರ ಬರೀ 10. ಇವು ಅಭ್ಯಾಸಕ್ಕೆ ಹಾಕಿದ ಅಂಕಿ, ಆದರೆ ವ್ಯತ್ಯಾಸದ ದಿಕ್ಕು ನಿಜವಾದದ್ದೇ.

ನಾಯಿಗಳಲ್ಲಿ ಇನ್ನೊಂದು ಸುಲಭ ಅಳತೆ ಇದೆ, ವೇಸೋವೇಗಲ್ ಟೋನಸ್ ಇಂಡೆಕ್ಸ್. ಸಾಲಾಗಿ 20 ಅಂತರಗಳ ವೇರಿಯನ್ಸ್ ತೆಗೆದು ಅದರ ನ್ಯಾಚುರಲ್ ಲಾಗ್ ಹಾಕಬೇಕು, ಅಷ್ಟೇ. ಒಂದು ತುಂಡು ಇಸಿಜಿ ಸಾಕು, 24 ಗಂಟೆ ಇಸಿಜಿ ದಾಖಲಿಸುವ ಹಾಲ್ಟರ್ ಬೇಡ. ನನಗೆ ಇಷ್ಟವಾದದ್ದು ಇದೇ. ಎಸ್‌ಡಿಎನ್‌ಎನ್‌ಗೆ (ಎಲ್ಲ ಅಂತರಗಳ ಸ್ಟ್ಯಾಂಡರ್ಡ್ ಡೀವಿಯೇಶನ್) ಉದ್ದದ ರೆಕಾರ್ಡಿಂಗ್ ಇದ್ದರೇ ಚೆನ್ನ. ಪಿಎನ್‌ಎನ್50 ಮನುಷ್ಯರಿಗೆ ಅಂತ ಹುಟ್ಟಿದ ಅಳತೆ, ಪಕ್ಕಪಕ್ಕದ ಅಂತರಗಳ ವ್ಯತ್ಯಾಸ ಶೇಕಡಾ ಎಷ್ಟು ಸಲ 50 ಮಿಲಿಸೆಕೆಂಡ್ ಮೀರುತ್ತದೆ ಅನ್ನುವುದು. ನಾಯಿಯ ಏರಿಳಿತ ಸಹಜವಾಗಿಯೇ 50 ಮಿಲಿಸೆಕೆಂಡ್ ದಾಟುತ್ತಾ ಇರುತ್ತದೆ, ಹಾಗಾಗಿ ಅದನ್ನು ಸುಮ್ನೆ ನಕಲು ಮಾಡಿದರೆ ಹೆಚ್ಚು ಏನೂ ತಿಳಿಯುವುದಿಲ್ಲ.

ಅಂಕಿಯನ್ನು ನಂಬುವ ಮೊದಲು ನಾಯಿಯನ್ನು ನೋಡಿ. ಮಾಲೂರಿನಿಂದ ಬಸ್ಸಲ್ಲಿ ಬಂದು, ಹಸುಗಳ ಗದ್ದಲದಲ್ಲಿ ನಡುಗುತ್ತಾ ನಿಂತ ನಾಯಿಯ ವೇಗಸ್ ಹೇಗೂ ಅಡಗಿರುತ್ತದೆ. ವೇಗಸ್ ತಡೆಯುವ ಔಷಧ ಅಟ್ರೋಪಿನ್ ಕೊಟ್ಟಿದ್ದರೂ ಅಷ್ಟೇ. ಪಗ್ ತರಹದ ಚಪ್ಪಟೆ ಮೂತಿಯ ತಳಿಗಳಲ್ಲಿ ಅಂಕಿ ಸಹಜವಾಗಿಯೇ ಹೆಚ್ಚು. ಬಡಿತ ವೇಗವಾದಂತೆ ಅಂತರದ ಏರಿಳಿತ ಲೆಕ್ಕದಲ್ಲೇ ಕುಗ್ಗುತ್ತದೆ, ಅದಕ್ಕೇ ಹಾರ್ಟ್ ರೇಟ್ ಬರೆಯದೆ ಈ ಅಂಕಿಯನ್ನು ಮಾತ್ರ ಬರೆಯಬೇಡಿ. ಇನ್ನೊಂದು ಮುಖ್ಯ ವಿಷಯ: ಎಲ್ಲ ಏರುಪೇರೂ ಒಳ್ಳೆಯದಲ್ಲ. ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಬಡಿತ ಅಡ್ಡಾದಿಡ್ಡಿ, ಉಸಿರಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಲ್ಲಿ ಈ ಲೆಕ್ಕ ಹಾಕಲೇಬಾರದು. ಅಲ್ಲೊಂದು ಇಲ್ಲೊಂದು ಎಕ್ಟೋಪಿಕ್ ಬಡಿತ (ತಪ್ಪು ಜಾಗದಿಂದ ಹುಟ್ಟಿದ್ದು) ಇದ್ದರೆ ಅದನ್ನು ಬಿಟ್ಟು ಎಣಿಸಿ.

ಹಾಗಾದರೆ ಉಪಯೋಗ ಏನು? ರೋಗ ಬೇಗ ಹಿಡಿಯಲು ಇದು ಕೆಲಸಕ್ಕೆ ಬಾರದು. ಸೌಮ್ಯ ಹಂತದಲ್ಲಿ ಅಂಕಿ ಬಹುತೇಕ ಮಾಮೂಲಿಯಾಗೇ ಇರುತ್ತದೆ, ರೋಗ ಮುಂದುವರಿದ ಮೇಲೆ ಬೀಳುತ್ತದೆ. ಅಮೆರಿಕದ ಪಶುವೈದ್ಯ ತಜ್ಞರ ಸಂಘ ಎಸಿವಿಐಎಂನ 2019ರ ಮಾರ್ಗಸೂಚಿ ಬಿ2 ಹಂತಕ್ಕೆ (ಲಕ್ಷಣ ಇಲ್ಲ, ಆದರೆ ಹೃದಯ ಹಿಗ್ಗಿದೆ) ಕೇಳುವುದು ಬೇರೆಯದನ್ನೇ: 6ರಲ್ಲಿ ಕನಿಷ್ಠ 3ರ ಮರ್ಮರ್, ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಎಡ ಹೃತ್ಕರ್ಣಕ್ಕೂ ಮಹಾಧಮನಿಗೂ 1.6 ಅಥವಾ ಹೆಚ್ಚಿನ ಅನುಪಾತ, ತೂಕಕ್ಕೆ ಸರಿಹೊಂದಿಸಿದ ಎಡ ಹೃತ್ಕುಕ್ಷಿಯ ಅಳತೆ 1.7 ಅಥವಾ ಹೆಚ್ಚು, ಎಕ್ಸ್‌ರೇಯಲ್ಲಿ 10.5 ಮೀರಿದ ವಿಎಚ್‌ಎಸ್ (ಬೆನ್ನುಮೂಳೆಯ ಮಣಿಗಳ ಲೆಕ್ಕದಲ್ಲಿ ಹೃದಯದ ಗಾತ್ರ). ಹೃದಯಕ್ಕೆ ಬಲ ಕೊಡುವ ಔಷಧ ಪಿಮೋಬೆಂಡಾನ್ ಶುರು ಮಾಡುವುದು ಆ ಹಂತದಲ್ಲಿ. ಎಕೋಗೆ ಬೆಂಗಳೂರಿಗೇ ಕಳಿಸಬೇಕಾದೀತು.

ನಿಜವಾದ ಲಾಭ ಕೆಮ್ಮುವ ಮುದಿ ನಾಯಿಯಲ್ಲಿ. ಸಣ್ಣ ತಳಿಗೆ ಮರ್ಮರ್ ಇರುತ್ತದೆ, ಶ್ವಾಸನಾಳವೂ ಕುಸಿದಿರುತ್ತದೆ. ಕೆಮ್ಮು ಯಾವುದರಿಂದ? ಬಡಿತ ನಿಧಾನವಾಗಿದ್ದು ಉಸಿರಿನ ಜೊತೆ ಚೆನ್ನಾಗಿ ಏರಿಳಿಯುತ್ತಿದ್ದರೆ, ಶ್ವಾಸಕೋಶದಲ್ಲಿ ನೀರು ತುಂಬಿರುವ ಸಾಧ್ಯತೆ ಕಡಿಮೆ. ಅಂಥ ನಾಯಿಗೆ ಎಕ್ಸ್‌ರೇ ನೋಡದೆ ಫ್ಯೂರೋಸಮೈಡ್ (ನೀರು ಇಳಿಸುವ ಔಷಧ) ಚುಚ್ಚಲು ಅವಸರ ಮಾಡಬೇಡಿ. ಇದಕ್ಕೆ ಸಾಫ್ಟ್‌ವೇರ್ ಬೇಡ, ಒಂದು ನಿಮಿಷ ಸದ್ದಿಲ್ಲದ ಮೂಲೆ ಇದ್ದರೆ ಸಾಕು.

ಮನೆಯವರಿಗೆ ಈ ಲೆಕ್ಕವನ್ನೆಲ್ಲ ಹೇಳುವುದು ವ್ಯರ್ಥ. ನಾಯಿ ನಿದ್ದೆಯಲ್ಲಿದ್ದಾಗ ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಲು ಹೇಳಿ, 30 ದಾಟುತ್ತಲೇ ಇದ್ದರೆ ಫೋನ್ ಮಾಡಲಿ.